ಕರಡಿ ಕೂದಲಿನ ತಾಯತ

ಆ ಮುದುಕ ಅಳುವುದು ನನ್ನ ಕಣ್ಣಿಂದ ಹೋಗುತ್ತಿಲ್ಲ. ನೋಡಿ ವರ್ಷದ ಮೇಲಾಯಿತು. ಪಾತ್ರೆ ತೊಳೆಯುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಸುಮ್ನೆ ಕೂತಾಗ ನೆನಪಾಗುತ್ತಾನೆ. ಗಟ್ಟಿ ಆಳು, ಸಮುದ್ರಕ್ಕಿಳಿದು ದುಡಿದವನು. ಹೆಸರು ಜಾನ್ ಕ್ರೋ. 'ಬ್ಲ್ಯಾಕ್‌ಫಿಶ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವನು ಬರುವುದು ಕೆಲವೇ ನಿಮಿಷ. 1970ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಓರ್ಕಾ ಎಂಬ, ಡಾಲ್ಫಿನ್ ಜಾತಿಯ ದೊಡ್ಡ ಕಡಲಪ್ರಾಣಿಯ ಮರಿಗಳನ್ನು ಪ್ರದರ್ಶನಕ್ಕೆಂದು ಹಿಡಿಯಲು ಹೋಗಿದ್ದನ್ನು ಹೇಳುತ್ತಾನೆ. ದೋಣಿಗಳಲ್ಲಿ ಬೆನ್ನಟ್ಟಿ, ನೀರಿಗೆ ಸಿಡಿಮದ್ದು ಎಸೆದು, ಇಡೀ ಹಿಂಡನ್ನು ಒಂದು ಕೊಲ್ಲಿಗೆ ತಳ್ಳಿದರು. ಬಲೆ ಬಿಟ್ಟರು. ಅವರಿಗೆ ಬೇಕಿದ್ದದ್ದು ಮರಿಗಳು ಮಾತ್ರ. ದೊಡ್ಡದನ್ನು ಸಾಗಿಸಲು ಖರ್ಚು ಜಾಸ್ತಿ. ದೊಡ್ಡವು ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಮರಿಯನ್ನು ಎತ್ತುವಾಗ ಬಲೆಯಾಚೆ ಇಡೀ ಕುಟುಂಬ ಸಾಲಾಗಿ ನಿಂತು ಕೂಗುತ್ತಿತ್ತಂತೆ. ಆಗಲೇ ಅವನಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಹೊಳೆದದ್ದು. ಅಳು ಬಂತು. ಅಳುತ್ತಲೇ ಕೆಲಸ ಮುಗಿಸಿದ. ಬಲೆಗೆ ಸಿಕ್ಕಿ ಸತ್ತವುಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ, ಬಾಲಕ್ಕೆ ಲಂಗರು ಕಟ್ಟಿ ಮುಳುಗಿಸಿದ್ದೂ ಅವನೇ, ಅವನ ಜೊತೆಯವರೇ.

ಪ್ರಾಣಿಗಳ ಮೇಲಿನ ಕ್ರೌರ್ಯ ಎಂದರೆ ನನ್ನ ತಲೆಯಲ್ಲಿ ಬೇರೆಯೇ ಚಿತ್ರವಿತ್ತು. ಚಾಟಿ ಹಿಡಿದವನು, ಕುಡಿದು ಬಂದು ನಾಯಿಗೆ ಕಲ್ಲು ಬೀಸುವವನು. ಅಳುತ್ತಾ ಕೈ ಆಡಿಸುವವನು ಆ ಚಿತ್ರದಲ್ಲಿ ಇರಲಿಲ್ಲ. ಅದಕ್ಕೇ ಅವನು ಕಾಡಿದ ಅನ್ನಿಸುತ್ತದೆ. ಅವನನ್ನು ದೂರ ಇಟ್ಟು ನೋಡಲು ಆಗಲಿಲ್ಲ.

ಚಿತ್ರ ನೋಡಿದ್ದಕ್ಕೆ ಕಾರಣ ಮನೆಯದೇ. ರಜೆಯಲ್ಲಿ ಎಲ್ಲರೂ ಸೇರಿ ದುಬೈಗೆ ಹೋಗುವ ಮಾತಾಗಿತ್ತು. ನಾದಿನಿ ಕಳಿಸಿದ ಪಟ್ಟಿಯಲ್ಲಿ ಡಾಲ್ಫಿನ್ ಶೋ ಇತ್ತು. ಮಗಳು ಅದನ್ನು ನೋಡಿ ಕುಣಿದಾಡಿಬಿಟ್ಟಳು. ನೀರಿಂದ ಎಗರಿ ಚೆಂಡು ಮುಟ್ಟುವ ವಿಡಿಯೋ ಹತ್ತು ಸಲ ತೋರಿಸಿದಳು. ಟಿಕೆಟ್ ಮಾಡುವ ಮುಂಚೆ ಒಮ್ಮೆ ಓದಿ ನೋಡೋಣ ಅಂತ ಕೂತವಳು ಓದುತ್ತಾ ಓದುತ್ತಾ ಈ ಚಿತ್ರಕ್ಕೆ ಬಂದೆ. 2013ರದ್ದು. ಎಲ್ಲರೂ ಎಂದೋ ನೋಡಿ ಮುಗಿಸಿದ್ದು. ನಾನು ನೋಡಿದ್ದು ಇಷ್ಟು ತಡವಾಗಿ, ರಾತ್ರಿ ಹನ್ನೊಂದರ ಮೇಲೆ, ಮಗಳು ಮಲಗಿದ ನಂತರ.

ಕತ್ತಲೆಯಲ್ಲಿ ಕಳೆದ ರಾತ್ರಿಗಳು

ಚಿತ್ರ ಇರುವುದು ಟಿಲಿಕಮ್ ಎಂಬ ಗಂಡು ಓರ್ಕಾದ ಬಗ್ಗೆ. 1983ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ ಸಿಕ್ಕಾಗ ಅದಕ್ಕೆ ಸುಮಾರು ಎರಡು ವರ್ಷ. ಓರ್ಕಾ ಲೆಕ್ಕದಲ್ಲಿ ಎರಡು ವರ್ಷ ಅಂದರೆ ತಾಯಿಯ ಮಗ್ಗುಲು ಬಿಡದ ಕೂಸು. ಎಷ್ಟೋ ಓರ್ಕಾ ಕುಟುಂಬಗಳಲ್ಲಿ ಮಕ್ಕಳು ಬೆಳೆದು ದೊಡ್ಡವರಾದರೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ, ಕೊನೆತನಕ ಅವಳ ಜೊತೆಯೇ ಈಜುತ್ತವೆ. ಇದನ್ನು ತಂದು ಮೊದಲು ಅಲ್ಲೇ ಒಂದು ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟರು. ಆಮೇಲೆ ಕೆನಡಾದ ವಿಕ್ಟೋರಿಯಾ ಊರಿನ ಸೀಲ್ಯಾಂಡ್ ಎಂಬ ಚಿಕ್ಕ ಪ್ರದರ್ಶನ ಜಾಗಕ್ಕೆ ಸಾಗಿಸಿದರು. ಹಗಲೆಲ್ಲ ಆಟ. ಸಂಜೆಯಾದರೆ ಮೂರು ಓರ್ಕಾಗಳನ್ನೂ ಒಂದು ಕತ್ತಲೆ ಗೂಡಿಗೆ ತುಂಬಿ ಬಾಗಿಲು ಹಾಕುವುದು. ಒಳಗೆ ಹೋದರೆ ಮೀನು, ಹೋಗದಿದ್ದರೆ ಇಲ್ಲ. ಉಳಿದ ಎರಡು ಹೆಣ್ಣು, ಟಿಲಿಕಮ್‌ಗಿಂತ ಮೊದಲಿದ್ದವು. ತಿರುಗಿ ಜಾಗ ಬಿಡಲೂ ಆಗದ ಆ ಕತ್ತಲಲ್ಲಿ ಅವು ಇದನ್ನು ಕಚ್ಚಿ ಗೀರುತ್ತಿದ್ದವು. ಬೆಳಿಗ್ಗೆ ಬಾಗಿಲು ತೆಗೆದರೆ ಟಿಲಿಕಮ್ ಮೈಮೇಲೆ ಹಲ್ಲಿನ ಗೆರೆಗಳು, ರಕ್ತ. ಅರ್ಧ ಗಂಟೆಯಲ್ಲಿ ಜನ ಬರುತ್ತಾರೆ, ಮತ್ತೆ ಆಟ.

1991ರ ಫೆಬ್ರವರಿಯಲ್ಲಿ ಅಲ್ಲಿ ಕೆಲಸಕ್ಕಿದ್ದ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ಕಾಲು ಜಾರಿ ಕೊಳಕ್ಕೆ ಬಿದ್ದಳು. ಮೂರೂ ಸೇರಿ ಅವಳನ್ನು ಮೇಲೆ ಬರಗೊಡಲಿಲ್ಲ. ಸೀಲ್ಯಾಂಡ್ ಮುಚ್ಚಿತು. ಟಿಲಿಕಮ್‌ನನ್ನು ಫ್ಲಾರಿಡಾದ ಸೀವರ್ಲ್ಡ್ ಎಂಬ ದೊಡ್ಡ ಪ್ರದರ್ಶನ ಪಾರ್ಕಿನವರು ಕೊಂಡುಕೊಂಡರು. 1999ರಲ್ಲಿ ರಾತ್ರಿ ಕದ್ದು ಒಳಗೆ ಉಳಿದವನೊಬ್ಬ ಬೆಳಿಗ್ಗೆ ಅದರ ಬೆನ್ನ ಮೇಲೆ ಹೆಣವಾಗಿ ಸಿಕ್ಕ. 2010ರ ಫೆಬ್ರವರಿ 24ರಂದು, ಅಲ್ಲಿ ಹದಿನಾರು ವರ್ಷ ಕೆಲಸ ಮಾಡಿದ್ದ ಡಾನ್ ಬ್ರಾಂಶೋ ಎಂಬ ತರಬೇತುದಾರ್ತಿಯನ್ನು ನೀರಿಗೆಳೆದು ಕೊಂದಿತು. ಬಯಲು ಸಮುದ್ರದಲ್ಲಿ ಓರ್ಕಾ ಒಬ್ಬ ಮನುಷ್ಯನನ್ನು ಕೊಂದ ದಾಖಲೆ ಒಂದೂ ಇಲ್ಲ.

ಚಿತ್ರದಲ್ಲಿ ಮಾತಾಡುವ ಹೆಚ್ಚಿನವರು ಅಲ್ಲಿ ಕೆಲಸ ಬಿಟ್ಟು ಬಂದ ತರಬೇತುದಾರರು. ಒಬ್ಬರಲ್ಲೂ ಕೆಟ್ಟತನ ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಕೈಹಿಡಿದು ಶೋ ನೋಡಿದವರು, ಅದನ್ನೇ ಕನಸು ಕಂಡವರು. ಪ್ರಾಣಿಯ ಮೇಲೆ ಆಸೆ ಇದ್ದೇ ಅಲ್ಲಿಗೆ ಸೇರಿದವರು. ಮರಿಯೊಂದನ್ನು ಬೇರೆ ಊರಿಗೆ ಸಾಗಿಸಿದ ರಾತ್ರಿ ತಾಯಿ ಓರ್ಕಾ ಕೊಳದ ಮೂಲೆಯಲ್ಲಿ ನಿಂತು ಕೂಗಿದ್ದನ್ನು ಅವರು ಹೇಳುತ್ತಾರೆ. ಇನ್ನೊಂದು ತಾಯಿಯ ಕೂಗನ್ನು ತಜ್ಞರು ಪರೀಕ್ಷಿಸಿದಾಗ, ಅದು ಬಹಳ ದೂರ ಇರುವವರನ್ನು ಕರೆಯುವ ಕೂಗು ಎಂದು ತಿಳಿಯಿತಂತೆ. ಹಾಗೆ ಕೂಗುವುದನ್ನು ಅವರು ಮೊದಲು ಕೇಳಿರಲೇ ಇಲ್ಲ. ಮಾರನೇ ದಿನವೂ ಶೋ ಇತ್ತು. ಅವರೇ ನಡೆಸಿದರು. ಕಂಪನಿ ಈ ಚಿತ್ರವನ್ನು ಒಪ್ಪಲಿಲ್ಲ, ದಾರಿತಪ್ಪಿಸುವಂಥದ್ದು ಎಂದಿತು. ಆದರೆ 2016ರ ಮಾರ್ಚ್‌ನಲ್ಲಿ ಓರ್ಕಾಗಳ ಮರಿ ಮಾಡಿಸುವುದನ್ನು ನಿಲ್ಲಿಸುತ್ತೇವೆ ಎಂದು ಅದೇ ಕಂಪನಿ ಹೇಳಬೇಕಾಯಿತು. ಟಿಲಿಕಮ್ 2017ರ ಜನವರಿ 6ರಂದು ಸತ್ತಿತು. ಹಿಡಿದ ಮೇಲೆ ಮೂವತ್ತಮೂರು ವರ್ಷ ಬದುಕಿತ್ತು. ಅಷ್ಟೂ ಸೆರೆಯಲ್ಲಿ.

ನಮ್ಮ ದೇಶದಲ್ಲಿ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ 2013ರಲ್ಲೇ ಪರಿಸರ ಸಚಿವಾಲಯ ಬೇಡ ಎಂದಿದೆ. ಇದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾದಾಗ ಸಮಾಧಾನವಾಯಿತು, ಹೆಮ್ಮೆಯೂ ಆಯಿತು. ಆದರೆ ನಿದ್ದೆ ಬರಲಿಲ್ಲ. 1983 ಎಂಬ ಇಸವಿ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆ ಚಳಿಗಾಲ ನನಗೆ ಐದು ವರ್ಷ.

ಹೊಸಪೇಟೆಯ ಅಂಗಳ

ಆ ಚಳಿಗಾಲ ನನಗೆ ಬೆಚ್ಚಿ ಬೀಳುವ ಕಾಯಿಲೆ. ರಾತ್ರಿ ಎದ್ದು ಕಿರುಚುತ್ತಿದ್ದೆ, ಬೆಳಿಗ್ಗೆ ಜ್ವರ. ಡಾಕ್ಟರ ಔಷಧಿ ಆಯಿತು, ಮಸೀದಿ ಮುಂದೆ ನಿಂತು ಊದಿಸಿಕೊಂಡು ಬಂದದ್ದಾಯಿತು, ಹನುಮಪ್ಪನ ಗುಡಿಯ ಅಂಗಾರ ಹಚ್ಚಿದ್ದಾಯಿತು. ಉಳಿದದ್ದು ಕರಡಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಜಿದ ಮಕ್ಕಳನ್ನು ಕರಡಿ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಬಿಡುತ್ತದೆ, ಅದರ ಕೂದಲು ತಾಯತದಲ್ಲಿಟ್ಟು ಕಟ್ಟಿದರೆ ಮತ್ತೆ ಬರುವುದಿಲ್ಲ.

ಡಮರುಗದ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ಅವ್ವ ಹೊರಗೋಡಿದಳು. ಕರಡಿ ಸಾಬರು ಅಂಗಳಕ್ಕೆ ಬಂದರು. ನನಗೆ ನೆನಪಿರುವುದು ಮೊದಲು ವಾಸನೆ. ಒದ್ದೆ ಕಂಬಳಿ ಮತ್ತು ಮಣ್ಣು ಸೇರಿದಂಥ ವಾಸನೆ. ಆಮೇಲೆ ಕೂದಲು. ಒರಟು, ಧೂಳು, ಅಂಗೈಯಲ್ಲಿ ಹಿಡಿದರೆ ಒಳಗಿನ ಬಿಸಿ ತಾಗುತ್ತಿತ್ತು. ಕರಡಿ ಹಿಂಗಾಲಲ್ಲಿ ಎದ್ದು ನಿಂತು ಎರಡು ಸುತ್ತು ಹಾಕಿತು. ಕೈಮುಗಿಯಿತು. ಓಣಿಯ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನು ಅವ್ವನ ಸೀರೆ ಬಿಡಲಿಲ್ಲ.

"ಅಂಜಬ್ಯಾಡ ನನ್ನವ್ವ, ಏನೂ ಮಾಡಂಗಿಲ್ಲ ಅದು. ಪಾಪದ್ದೈತಿ."

"ಕೂಸಿನ ಕುಂದ್ರಸ್ರಿ ಅವ್ವಾರ, ನಾ ಹಿಡಕಂಡೀನಿ," ಅಂದರು ಸಾಬರು.

ಕೂರಿಸಿದರು. ಕರಡಿ ನನ್ನನ್ನು ಹೊತ್ತು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿತು. ಅದರ ಬೆನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ಮೂರನೇ ಹೆಜ್ಜೆಗೆ ನನ್ನ ಅಳು ನಿಂತಿತು. ನಾಲ್ಕನೆಯದಕ್ಕೆ ನಕ್ಕೆನಂತೆ. ಸಾಬರು ಒಂದು ಚಿಟಿಕೆ ಕೂದಲು ಕಿತ್ತು ಕೊಟ್ಟರು. ಅವ್ವ ಮೊರದ ತುಂಬ ಜೋಳ, ಮೇಲೊಂದು ರೂಪಾಯಿ ಕೊಟ್ಟಳು. ಕರಡಿಗೆ ಒಂದು ರೊಟ್ಟಿ. ಆ ತಾಯತ ನಾನು ಹೈಸ್ಕೂಲಿಗೆ ಹೋಗುವತನಕ ನನ್ನ ಕೊರಳಲ್ಲಿತ್ತು. ಪರೀಕ್ಷೆಯ ದಿನ ಅದನ್ನು ಮುಟ್ಟಿಕೊಂಡು ಒಳಗೆ ಹೋಗುತ್ತಿದ್ದೆ.

ಇದು ನನ್ನ ಬಾಲ್ಯದ ಅತ್ಯಂತ ಬೆಚ್ಚಗಿನ ನೆನಪುಗಳಲ್ಲಿ ಒಂದು. ನಲವತ್ತು ವರ್ಷ ಹಾಗೇ ಇತ್ತು.

ಕರಡಿಯನ್ನು ಕುಣಿಸುವುದು ಹೇಗೆ ಎಂದು ಆ ರಾತ್ರಿ ಓದಿದೆ. ಮೊದಲು ತಾಯಿ ಕರಡಿಯನ್ನು ಕೊಲ್ಲಬೇಕು, ಇಲ್ಲದಿದ್ದರೆ ಅದು ಮರಿ ಬಿಡುವುದಿಲ್ಲ. ಮರಿಗೆ ಕೆಲವೇ ತಿಂಗಳಾಗಿರುವಾಗ ಕಾಸಿದ ಕಬ್ಬಿಣದ ದಬ್ಬಣವನ್ನು ಮೂತಿಯಲ್ಲಿ ಚುಚ್ಚಿ ಆಚೆ ತೆಗೆಯುತ್ತಾರೆ. ಅರಿವಳಿಕೆ ಏನೂ ಇಲ್ಲ. ಆ ತೂತಿನಲ್ಲಿ ಹಗ್ಗ ಪೋಣಿಸುತ್ತಾರೆ. ಗಾಯ ಮಾಗಿದರೆ ಹಗ್ಗ ಎಳೆದಾಗ ನೋವಾಗುವುದಿಲ್ಲ, ಹಾಗಾಗಿ ಎಷ್ಟೋ ಸಲ ಮತ್ತೆ ಚುಚ್ಚುತ್ತಾರೆ. ಹಲ್ಲು ಮುರಿಯುತ್ತಾರೆ. ಹಗ್ಗ ಮೇಲಕ್ಕೆಳೆದರೆ ನೋವಿಗೆ ಎದ್ದು ನಿಲ್ಲುತ್ತದೆ. ನಾವು ಕುಣಿತ ಅನ್ನುತ್ತಿದ್ದದ್ದು ಅದನ್ನೇ.

ನಮ್ಮ ಕರಡಿಯ ಬದುಕು ಇರುವುದೇ ಮೂತಿಯಲ್ಲಿ. ಗೆದ್ದಲೇ ಅದರ ಮುಖ್ಯ ಆಹಾರ. ಹುತ್ತವನ್ನು ಉಗುರಿನಿಂದ ಕೆದರಿ, ಊದಿ ಧೂಳು ಹಾರಿಸಿ, ಗೆದ್ದಲನ್ನು ಹೀರಿಕೊಳ್ಳುತ್ತದೆ. ಒಳಗೆ ಧೂಳು, ಹುಳ ಹೋಗದಂತೆ ಮೂಗಿನ ಹೊಳ್ಳೆಯನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ಹೀರಲು ಸಲೀಸಾಗಲಿ ಅಂತ ಮೇಲಿನ ಮುಂದಲ್ಲು ಎರಡು ಅದಕ್ಕಿಲ್ಲ. ಇಷ್ಟು ನಾಜೂಕಾದ ಅಂಗದಲ್ಲೇ ಹಗ್ಗ. ಬಿಡಿಸಿ ತಂದ ಕರಡಿಗಳನ್ನು ಮತ್ತೆ ಕಾಡಿಗೆ ಬಿಡಲಾಗುವುದಿಲ್ಲ. ಹಲ್ಲಿಲ್ಲ, ಮೂಗು ಹಾಳು, ಹುಡುಕಿ ತಿನ್ನುವುದನ್ನು ಕಲಿಸಬೇಕಿದ್ದ ತಾಯಿಯೂ ಇಲ್ಲ.

ನಾನು ನಕ್ಕದ್ದು ಅದರ ಬೆನ್ನ ಮೇಲೆ.

ಪೆಟ್ಟು ಮೊದಲೇ ಮುಗಿದಿರುತ್ತದೆ

ಎಷ್ಟೋ ದಿನ ಯೋಚಿಸಿದೆ. ಅವ್ವ ಕೆಟ್ಟವಳಲ್ಲ. ಓಣಿಯ ಹುಡುಗರು ಕೆಟ್ಟವರಲ್ಲ. ಸೀವರ್ಲ್ಡ್‌ನಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಪ್ಪಾಳೆ ತಟ್ಟಿದ ಅಪ್ಪಂದಿರೂ ಕೆಟ್ಟವರಲ್ಲ. ಹಾಗಾದರೆ ಇದು ಆಗಿದ್ದು ಹೇಗೆ? ನನಗೆ ತೋಚಿದ ಉತ್ತರ ಇದು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಪೆಟ್ಟು ಮುಗಿದಿರುತ್ತದೆ. ಅಂಗಳಕ್ಕೆ ಬರುವುದು ಎಲ್ಲ ಮುಗಿದ ಮೇಲಿನ ಕರಡಿ. ನಮಗೆ ಕಾಣುವುದು ಅದರ ವಿಧೇಯತೆ ಮಾತ್ರ. ಆ ವಿಧೇಯತೆಗೆ ನಾವು 'ಪಾಪದ್ದು' ಅನ್ನುತ್ತೇವೆ, ಅದರ ಮೇಲೆ ನಮಗೆ ಪ್ರೀತಿ ಹುಟ್ಟುತ್ತದೆ. ಆ ಪ್ರೀತಿ ಸುಳ್ಳಲ್ಲ. ನಾನು ಆ ಕರಡಿಯನ್ನು ನಿಜವಾಗಿ ಪ್ರೀತಿಸಿದ್ದೆ. ಆದರೆ ಆ ಪ್ರೀತಿಗಾಗಿಯೇ ಮೊರದ ತುಂಬ ಜೋಳ ಹೋಯಿತು. ಆ ಜೋಳಕ್ಕಾಗಿಯೇ ಇನ್ನೊಂದು ಮರಿಗೆ ದಬ್ಬಣ ಕಾಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಮೂಗುದಾರ ನಮ್ಮ ಮನೆಯಲ್ಲೂ ಇತ್ತು. ಅಜ್ಜನ ಹೋರಿಗಳಿಗೆ ಮೂಗು ಚುಚ್ಚಿಸುವ ದಿನ ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ಸದ್ದು ಕೇಳುತ್ತಿತ್ತು. ಮದುವೆಯಾದ ಹುಡುಗನಿಗೆ ಮೂಗುದಾರ ಬಿತ್ತು ಅಂತ ಇವತ್ತಿಗೂ ನಾವು ನಗುತ್ತಾ ಹೇಳುತ್ತೇವೆ. ಆ ಮಾತು ಈಗ ನನ್ನ ಬಾಯಲ್ಲಿ ಬರುವುದಿಲ್ಲ. ಹೊಲದ ಎತ್ತಿಗೂ ಕುಣಿಸುವ ಕರಡಿಗೂ ವ್ಯತ್ಯಾಸ ಇದೆ, ಬಲ್ಲೆ. ಆದರೆ ಸಾಬರ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ.

ಸಾಬರ ಬಗ್ಗೆಯೂ ನನಗೆ ಸಂಕಟವಿದೆ. ಖಲಂದರ್ ಸಮುದಾಯಕ್ಕೆ ತಲೆತಲಾಂತರದಿಂದ ಬಂದ ಕಸುಬು ಅದು. ಹೊಲವಿಲ್ಲ, ಶಾಲೆಯಿಲ್ಲ, ಕರಡಿ ಸತ್ತರೆ ಅವತ್ತಿನ ಒಲೆಯೂ ಆರುತ್ತಿತ್ತು. 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿತ್ತು. ಕಾಯ್ದೆ ಬಂದು ಹನ್ನೊಂದು ವರ್ಷದ ಮೇಲೂ ನಮ್ಮ ಅಂಗಳದಲ್ಲಿ ಕರಡಿ ಕುಣಿಯಿತು. ಬರೀ ಕಾಗದದಿಂದ ಅದು ನಿಲ್ಲುವಂತಿರಲಿಲ್ಲ. ನಿಂತದ್ದು, ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ವನ್ಯಪ್ರಾಣಿ ರಕ್ಷಣಾ ಸಂಸ್ಥೆಯವರು ಆ ಕುಟುಂಬಗಳ ಮನೆಬಾಗಿಲಿಗೆ ಹೋಗಿ ಕೂತು, ಕರಡಿ ಒಪ್ಪಿಸಿದವರಿಗೆ ಬೇರೆ ದುಡಿಮೆಗೆ ಹಣ ಕೊಟ್ಟು, ಮಕ್ಕಳನ್ನು ಶಾಲೆಗೆ ಸೇರಿಸಿದ ಮೇಲೆ. 600ಕ್ಕೂ ಹೆಚ್ಚು ಕರಡಿಗಳು ಹೀಗೆ ಹಗ್ಗ ಬಿಚ್ಚಿಕೊಂಡವು. ಕೊನೆಯದಾಗಿ ಒಪ್ಪಿಸಿದ ಕರಡಿಯ ಹೆಸರು ರಾಜು. 2009ರ ಡಿಸೆಂಬರ್‌ನಲ್ಲಿ ಅದು ನಮ್ಮ ಬನ್ನೇರುಘಟ್ಟದ ಕರಡಿ ಕೇಂದ್ರಕ್ಕೆ ಬಂತು. ಆಗ ನಾನು ಬೆಂಗಳೂರಿನಲ್ಲೇ ಇದ್ದೆ. ಇಪ್ಪತ್ತೇ ಕಿಲೋಮೀಟರ್ ದೂರ. ಪೇಪರಿನಲ್ಲಿ ಓದಿದ ನೆನಪೂ ಇಲ್ಲ. ಎಂಥ ದಿನ ಅದು! ಊರೆಲ್ಲ ಸಿಹಿ ಹಂಚಬೇಕಿತ್ತು ಅನ್ನಿಸುತ್ತದೆ.

ಅರಿಶಿಣ

ಅವ್ವನಿಗೆ ಫೋನ್ ಮಾಡಿದೆ. ಬೈಯಲು ಅಲ್ಲ. ಅವಳಿಗೆ ಗೊತ್ತಿತ್ತಾ ಅಂತ ಕೇಳಬೇಕಿತ್ತು ಅಷ್ಟೆ. ನಾನು ಓದಿದ್ದನ್ನೆಲ್ಲ ಹೇಳಿದೆ. ದಬ್ಬಣದ ಮಾತು ಬಂದಾಗ ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

"ಮೂಗಿನಾಗ ಹುಣ್ಣಿತ್ತು," ಅಂದಳು. "ನೊಣ ಮುಕರಿದ್ವು. ನಾ ನೋಡಿದ್ದೆ."

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಒಂದು ಮುಷ್ಟಿ ಅರಿಶಿಣ ಕೊಟ್ಟಿದ್ದೆ ಸಾಬ್ರಿಗೆ. ಎಣ್ಣಿಯಾಗ ಕಲಿಸಿ ಹಚ್ರಿ ಅಂದಿದ್ದೆ. ಹಚ್ತೀನಿ ಅವ್ವಾ ಅಂದಿದ್ರು."

ಅರಿಶಿಣದ ಸಂಗತಿ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಅಂದರೆ ಅವ್ವ ನೋಡಿದ್ದಳು. ಗಾಯ ನೋಡಿ ಮರುಗಿದ್ದಳು. ಮರುಗಿ, ಔಷಧಿ ಕೊಟ್ಟು, ಅದೇ ಗಳಿಗೆಯಲ್ಲಿ ನನ್ನನ್ನು ಎತ್ತಿ ಅದರ ಬೆನ್ನ ಮೇಲೆ ಕೂರಿಸಿದ್ದಳು. ಎರಡನ್ನೂ ಮಾಡಿದ್ದು ಒಂದೇ ಕೈ. ಕೇಳಿದ ಕೂಡಲೇ ನನಗೆ ಆ ಸಮುದ್ರದ ಮುದುಕ ನೆನಪಾದ. ಅವನೂ ಅಳುತ್ತಲೇ ಮರಿಯನ್ನು ಎತ್ತಿದ್ದ. ಮರುಗಿದರೆ ಸಾಕು, ಕೈ ತಾನಾಗಿ ನಿಲ್ಲುತ್ತದೆ ಅಂತ ನಾನು ನಂಬಿಕೊಂಡಿದ್ದೆ. ಹಾಗೇನಿಲ್ಲ. ಮನಸ್ಸು ಮರುಗುತ್ತಿರುತ್ತದೆ, ಕೈ ತನ್ನ ಕೆಲಸ ಮಾಡುತ್ತಿರುತ್ತದೆ. ಅವ್ವನಿಗಂತೂ ಮಗಳ ಜ್ವರ ಇಳಿಯಬೇಕಿತ್ತು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ನನ್ನ ಮಗಳು ರಾತ್ರಿಯಿಡೀ ಕಿರುಚುತ್ತಿದ್ದರೆ? ಬೇರೆ ಏನೂ ಮಾಡುತ್ತಿರಲಿಲ್ಲ ಅನ್ನಿಸುತ್ತದೆ. ಇದನ್ನು ಬರೆಯುವಾಗ ಕಷ್ಟವಾಗುತ್ತಿದೆ, ಆದರೆ ಇದೇ ನಿಜ.

ಡಾಲ್ಫಿನ್ ಶೋ ಬಿಟ್ಟೆವು. ಮಗಳಿಗೆ ಬೇಜಾರಾಯಿತು, ಎರಡು ದಿನ ಮಾತಾಡಲಿಲ್ಲ. ಟಿಲಿಕಮ್‌ನ ಕಥೆಯನ್ನು ಅವಳಿಗೆ ತಾಳುವಷ್ಟು ಮಾತ್ರ ಹೇಳಿದೆ. ಕತ್ತಲೆ ಗೂಡಿನ ವಿಷಯಕ್ಕೆ ಬಂದಾಗ "ಲೈಟ್ ಹಾಕ್ತಿರ್ಲಿಲ್ವಾ ಅಮ್ಮ?" ಅಂತ ಕೇಳಿದಳು.

ದರೋಜಿ

ಈ ಸಲ ಚಳಿಗಾಲಕ್ಕೆ ಊರಿಗೆ ಹೋದಾಗ ಅವ್ವನನ್ನೂ ಮಗಳನ್ನೂ ದರೋಜಿಗೆ ಕರೆದುಕೊಂಡು ಹೋದೆ. ಹಂಪಿಗೆ ಬಂದ ಜನ ಎಷ್ಟೋ ಸಲ ಹೋಗುವ ಜಾಗ. ನಮ್ಮ ಮನೆಯಿಂದ ಹತ್ತಿರವೇ. ನಾವು ಮಾತ್ರ ಒಮ್ಮೆಯೂ ಹೋಗಿರಲಿಲ್ಲ. 1994ರಲ್ಲಿ ಅದು ಕರಡಿಧಾಮವಾದದ್ದು. ಅದಕ್ಕೂ ಮೊದಲಿಂದ ಆ ಬೆಟ್ಟಗಳಲ್ಲಿ ಕರಡಿಗಳಿದ್ದವು. ನನ್ನನ್ನು ಹೊತ್ತ ಕರಡಿ ಎಲ್ಲಿಯದೋ ಗೊತ್ತಿಲ್ಲ. ಇದೇ ಕಲ್ಲುಗಳ ನಡುವೆ ಹುಟ್ಟಿದ್ದೂ ಇರಬಹುದು.

ಅವ್ವನಿಗೆ ಮಂಡಿನೋವು. ವೀಕ್ಷಣಾ ಗೋಪುರದ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಎದುರಿಗೆ ಬಂಡೆಗಳ ಗುಡ್ಡ. ಅರಣ್ಯ ಇಲಾಖೆಯವರು ಬೆಲ್ಲದ ಪಾಕ ಸವರಿ ಹೋಗಿದ್ದರು. ಮೊದಲು ನವಿಲು ಬಂದವು. ಒಂದು ಮುಂಗುಸಿ. ಎಲ್ಲರೂ ಪಿಸುಮಾತಿನಲ್ಲಿದ್ದರು. ಬಿಸಿಲು ಇಳಿದ ಮೇಲೆ ಬಂಡೆಯ ಸಂದಿಯಿಂದ ಕಪ್ಪಗೆ ಏನೋ ಹೊರಟಿತು. ಕರಡಿ. ಅದೇ ನಡಿಗೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುವ ಬೆನ್ನು. ನನ್ನ ತೊಡೆಗೆ ಅದು ನೆನಪಿತ್ತು. ಬೆನ್ನ ಮೇಲೆ ಎರಡು ಮರಿಗಳು, ಕೂದಲು ಹಿಡಿದುಕೊಂಡು ಕೂತಿದ್ದವು. ನಮ್ಮ ಕರಡಿಗಳು ಮರಿಗಳನ್ನು ಹೊತ್ತು ತಿರುಗುವುದು ಹೀಗೇ. ಆ ಒರಟು ಕೂದಲೇ ಮರಿಗಳಿಗೆ ಹಿಡಿತ. ನಾನು ಕೂತಿದ್ದು ಆ ಜಾಗದಲ್ಲಿ.

ಮಗಳು ಅವ್ವನ ಕೈಗೆ ದುರ್ಬೀನು ಕೊಟ್ಟು, ತಿರುಗಿಸಿ ಸರಿಮಾಡಿದಳು. ಅವ್ವ ಬಹಳ ಹೊತ್ತು ನೋಡಿದಳು. ಕರಡಿ ಬಂಡೆಗೆ ಮೂತಿ ಹಚ್ಚಿ ನೆಕ್ಕುತ್ತಿತ್ತು. ಮರಿಗಳು ಇಳಿದು, ಹತ್ತಿ, ಮತ್ತೆ ಇಳಿದವು. ಅವ್ವ ತುಟಿ ಅಲ್ಲಾಡಿಸಿದಳು, ಕೇಳಲಿಲ್ಲ. ನಾನು ಹತ್ತಿರ ಬಾಗಿದೆ.

"ಮೂಗು ಚಲೋ ಐತಿ," ಅಂದಳು.